ಪೈಪಿನ ಆಚೆ ತುದಿಯಲ್ಲಿ ಮಾವನವರು

ನಮ್ಮ ಮಾವನವರಿಗೆ ಕಿವಿ ಮಂದ. ಹಳಿಯಾಳದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವರು ಎಷ್ಟೋ ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಬೆಳಗ್ಗೆ ಶುರು ಮಾಡಿದರೆ ಕತ್ತಲಾಗುವವರೆಗೂ ಕಲ್ಲು ತಿರುಗುತ್ತಲೇ ಇರುತ್ತಿತ್ತಂತೆ. ಸಂತೆಗೆ ಬಂದ ಹಳ್ಳಿಯವರು ಜೋಳದ ಡಬ್ಬಿ ಇಟ್ಟುಹೋಗಿ, ಬಸ್ಸು ಹತ್ತುವ ಮುಂಚೆ ಬೆಚ್ಚನೆಯ ಹಿಟ್ಟು ಹೊತ್ತುಕೊಂಡು ಹೋಗುತ್ತಿದ್ದರು. ಆ ಸದ್ದಿನೊಳಗೇ ಬಾಳಿದವರ ಕಿವಿ ಯಾವಾಗ ಮಂದವಾಯಿತೆಂಬುದು ಅವರಿಗೂ ತಿಳಿಯಲಿಲ್ಲ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಗಿರಣಿ ನಿಂತುಹೋಗಿತ್ತು. ಆ ಕೋಣೆಯಲ್ಲಿ ಈಗ ನನ್ನ ಹೊಲಿಗೆ ಮಷೀನು ಇದೆ. ಅತ್ತೆಯವರು ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಮಾವನವರಿಗೆ ಎದುರು ನಿಂತು ಕೂಗಿ ಹೇಳಿದರೆ ಮಾತು ಮುಟ್ಟುತ್ತಿತ್ತು. ನನಗೆ ಕೂಗಲು ಬರುತ್ತಿರಲಿಲ್ಲ. ಮುಂಡಗೋಡ ಕಡೆಯ ಇಂದೂರು ನನ್ನ ತವರು. ಮಾವನ ಮುಂದೆ ಸೊಸೆಯ ದನಿ ಏರಬಾರದು ಎಂದು ಅಲ್ಲಿ ಯಾರೂ ಕೂರಿಸಿಕೊಂಡು ಪಾಠ ಹೇಳಲಿಲ್ಲ. ಅವ್ವ, ದೊಡ್ಡವ್ವ, ಅಕ್ಕಪಕ್ಕದ ಮನೆಯ ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಪಿಸುಗುಟ್ಟುವುದನ್ನು ನೋಡುತ್ತ ಬೆಳೆದೆ. ಹಾಗಾಗಿ ಇಲ್ಲಿ ಬಂದ ಮೇಲೆ ನಾನು ಹೇಳುವುದನ್ನು ಮೆಲ್ಲಗೆ ಹೇಳುತ್ತಿದ್ದೆ, ಅವರಿಗೆ ಅದು ಕೇಳುತ್ತಿರಲಿಲ್ಲ, ಇನ್ನೊಮ್ಮೆ ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಕ್ರಮೇಣ ಮಾತು ಬಿಟ್ಟೇಹೋಯಿತು. ಊಟಕ್ಕೆ ತಾಟು ಹಾಕಿ ಬಾಗಿಲಲ್ಲಿ ನಿಂತರೆ ಅವರು ಎದ್ದು ಬರುತ್ತಿದ್ದರು. ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಳೆ ಬಡಿಯುತ್ತಿದ್ದೆ, ಆ ಸದ್ದು ಅವರಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ. ಅದಕ್ಕಿಂತ ಹೆಚ್ಚಿನದೇನಾದರೂ ಇದ್ದರೆ ನನ್ನ ಗಂಡ ನಡುವೆ ನಿಂತು ಆ ಕಡೆಯದನ್ನು ಈ ಕಡೆಗೂ ಈ ಕಡೆಯದನ್ನು ಆ ಕಡೆಗೂ ದಾಟಿಸುತ್ತಿದ್ದರು. ಅವರು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿರುವವರು. ಕಬ್ಬು ನುರಿಯುವ ಹಂಗಾಮು ಶುರುವಾದರೆ ಪಾಳಿಯ ಮೇಲೆ ಪಾಳಿ. ಆಗ ನಮ್ಮ ಮನೆಯಲ್ಲಿ ಮಾತು ಅಷ್ಟಕ್ಕಷ್ಟೇ.

ಮಗಳು ಮೂರನೇ ಇಯತ್ತೆಯಲ್ಲಿದ್ದಳು. ಅವಳಿಗೆ ‘ರ’ ಬಹಳ ತಡವಾಗಿ ಬಂತು. ಮರ ಎನ್ನಲು ಮಲ ಎನ್ನುವಳು, ಜೊತೆಯ ಮಕ್ಕಳು ಬಿದ್ದುಬಿದ್ದು ನಗುವರು. ಒಂದು ದಿನ ‘ರ’ ತಾನಾಗಿ ನಾಲಗೆಗೆ ಸಿಕ್ಕಿತು. ಅಷ್ಟರಲ್ಲಿ ದನಿ ಹೋಗಿಬಿಟ್ಟಿತ್ತು. ಓದು ಎಂದರೆ ತುಟಿ ಅಲುಗಿಸುವಳು, ಪಕ್ಕದಲ್ಲಿ ಕೂತವರಿಗೂ ಕೇಳದು. ಶಾಲೆಯ ಅಕ್ಕೋರು ನನ್ನನ್ನು ಕರೆಸಿ, ಹುಡುಗಿ ಜಾಣೆ ಇದ್ದಾಳೆ, ಬರೆಯುವುದೆಲ್ಲ ಸರಿ, ಆದರೆ ಅವಳ ಓದು ನನಗೆ ಕೇಳಿಯೇ ಇಲ್ಲ ಎಂದರು. ಬಯ್ಯಲಿಲ್ಲ. ದಾಂಡೇಲಿಯಲ್ಲಿ ಮಕ್ಕಳಿಗೆಂದು ಒಂದು ತೋಟ ಮಾಡಿದ್ದಾರೆ, ಆಡುವುದೂ ಅಲ್ಲೇ ಓದುವುದೂ ಅಲ್ಲೇ, ಒಂದು ಭಾನುವಾರ ಕರೆದುಕೊಂಡು ಹೋಗಿ ನೋಡಿ ಎಂದರು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಹೊರಟೆವು. ಗಂಡನಿಗೆ ಪಾಳಿ ಇತ್ತು. ಮಾವನವರನ್ನು ಒಬ್ಬರನ್ನೇ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಮಗಳಿಂದ ಕೈಸನ್ನೆಯಲ್ಲಿ ಹೇಳಿಸಿದರೆ ಏನೂ ಕೇಳದೆ ಟೋಪಿ ಹಾಕಿಕೊಂಡು ಎದ್ದರು. ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆಯಾದ್ದರಿಂದ ನಮಗಿಬ್ಬರಿಗೂ ದುಡ್ಡು ಬೀಳಲಿಲ್ಲ, ಅವರೊಬ್ಬರೇ ಕೊಡಬೇಕಾಯಿತು. ‘ಮನಿ ಮಂದಿಗೆಲ್ಲಾ ಪುಕ್ಕಟ, ನನಗ ಒಬ್ಬಾವಗ ಟಿಕೀಟ’ ಎಂದು ಅವರು ಗೊಣಗಿದ್ದು ಇಡೀ ಬಸ್ಸಿಗೆ ಕೇಳಿಸಿತು. ಕಿವಿ ಕೇಳದವರ ಗೊಣಗಾಟ ಹಾಗೆಯೇ. ಜನ ನಕ್ಕರು. ಯಾಕೆ ನಕ್ಕರೆಂದು ಅವರಿಗೆ ತಿಳಿಯಲಿಲ್ಲ.

ತೋಟ ಎಂದರೆ ನಾನು ಹೂವಿನ ಗಿಡಗಳನ್ನು ಅಂದುಕೊಂಡಿದ್ದೆ. ಊರ ಅಂಚಿನಲ್ಲಿ ಸಾಗವಾನಿ ಮರಗಳ ನಡುವಿನ ಒಂದು ಬಯಲು ಅದು. ಎಲೆ ಉದುರುವ ಕಾಲ. ಮೊರದಷ್ಟಗಲದ ಒಣ ಎಲೆಗಳು ಕಾಲಡಿಗೆ ಸಿಕ್ಕು ಹಪ್ಪಳದಂತೆ ಮುರಿಯುತ್ತಿದ್ದವು. ಅಲ್ಲಲ್ಲಿ ಕಂಬ ನೆಟ್ಟು, ಅದರ ಮೇಲೆ ಪಾರಿವಾಳದ ಗೂಡಿನಂಥ ಮರದ ಪೆಟ್ಟಿಗೆಗಳು, ಮೇಲೆ ಇಳಿಜಾರು ತಗಡು. ಬಾಗಿಲು ತೆಗೆದರೆ ಒಳಗೆ ಪುಸ್ತಕಗಳು. ಮಂಗಗಳ ಕಾಟಕ್ಕೆ ಎಲ್ಲಕ್ಕೂ ಚಿಲಕ. ಜಾರುಬಂಡಿಯ ಮೆಟ್ಟಿಲಿಗೆ ಒಂದೊಂದರಂತೆ ಕಥೆಯ ಸಾಲು ಬರೆದಿದ್ದರು. ಏರುತ್ತ ಓದಬೇಕು, ಕಥೆ ಏನಾಯಿತೆಂದು ತಿಳಿಯಬೇಕಾದರೆ ಜಾರಲೇಬೇಕು, ಯಾಕೆಂದರೆ ಕೊನೆಯ ಸಾಲು ಕೆಳಗಿನ ಕಲ್ಲಿನ ಮೇಲಿತ್ತು. ಟ್ರ್ಯಾಕ್ಟರಿನ ದೊಡ್ಡ ಟೈರುಗಳನ್ನು ಅರ್ಧ ಹೂಳಿ ಬಣ್ಣ ಬಳಿದಿದ್ದರು. ಒಂದರಲ್ಲಿ ಮೂರು ಮಕ್ಕಳು ಒಂದೇ ಪುಸ್ತಕಕ್ಕೆ ತಲೆ ತೂರಿಸಿ ಕೂತಿದ್ದರು.

ಇದನ್ನೆಲ್ಲ ನೋಡಿಕೊಳ್ಳುವವರು ಜೊಯಿಡಾ ಕಡೆಯ ಒಬ್ಬ ಹೆಂಗಸು. ಮನೆಮಾತು ಕೊಂಕಣಿ. ಮಕ್ಕಳು ಅವರನ್ನು, ಅಕ್ಕ ಎನ್ನುವ ಹಾಗೆ, ‘ಬಾಯಿ’ ಎಂದು ಕರೆಯುತ್ತಿದ್ದರು. ನಾನು ಮಗಳನ್ನು ಮುಂದೆ ನೂಕಿ, ಇವಳಿಗೆ ಓದಿಸಬೇಕಿತ್ತು ಎಂದೆ. ಇಲ್ಲಿ ಓದು ಅಂತ ಯಾರಿಗೂ ಹೇಳುವುದಿಲ್ಲ, ಗದ್ದಲ ಮಾಡಬೇಡ ಅಂತಲೂ ಹೇಳುವುದಿಲ್ಲ, ಬಿಟ್ಟುಬಿಡಿ ಎಂದು ಅವರು ನಕ್ಕು ತಮ್ಮ ಕೆಲಸಕ್ಕೆ ಹೋದರು. ನನಗೆ ತುಸು ಬೇಸರವೇ ಆಯಿತು. ಇಷ್ಟು ದೂರ ಬಂದದ್ದು ಜೋಕಾಲಿ ಆಡಿಸಲಿಕ್ಕೆ ಅಲ್ಲವಲ್ಲ ಎನಿಸಿತು.

ಮಗಳು ಒಂದು ಪುಸ್ತಕ ಎತ್ತಿಕೊಂಡು ಖಾಲಿ ಟೈರಿನೊಳಗೆ ಹೋಗಿ ಕೂತಳು. ತುಟಿ ಅಲುಗುತ್ತಿತ್ತು, ಮನೆಯಲ್ಲಿ ಹೇಗೋ ಹಾಗೆ. ಮಾವನವರು ಮರದ ಬುಡದ ಕಲ್ಲಿನ ಮೇಲೆ ಕೂತು ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. ಮಕ್ಕಳ ಗಲಾಟೆ ಅವರಿಗೆ ತಾಕುತ್ತಿರಲಿಲ್ಲ. ಓಡುವವರನ್ನು ಸುಮ್ಮನೆ ನೋಡುತ್ತಿದ್ದರು.

ಅವರು ಕೂತ ಕಲ್ಲಿನ ಪಕ್ಕದಲ್ಲಿ ನೆಲದಿಂದ ಒಂದು ಕಬ್ಬಿಣದ ಪೈಪು ಎದ್ದು, ಬಾಗಿ, ಬಾಯಿಗೆ ತಗಡಿನ ಲಾಳಿಕೆ ಇಟ್ಟುಕೊಂಡು ನಿಂತಿತ್ತು. ಅಂಥದ್ದೇ ಇನ್ನೊಂದು ಜೋಕಾಲಿಗಳ ಆಚೆ. ಎರಡಕ್ಕೂ ನೆಲದೊಳಗೆ ನಂಟು. ಮಕ್ಕಳು ಅದಕ್ಕೆ ಫೋನು ಎನ್ನುತ್ತಿದ್ದರು. ಒಬ್ಬರು ಆ ಲಾಳಿಕೆಯೊಳಗೆ ಮಾತಾಡಿದರೆ ಇನ್ನೊಬ್ಬರು ಈ ಲಾಳಿಕೆಗೆ ಕಿವಿ ಕೊಡಬೇಕು. ಆಚೆ ತುದಿಯಲ್ಲಿ ಯಾರೋ ಹುಡುಗರು ಕೂಗಿ ಓಡಿಹೋದರೆಂದು ಕಾಣುತ್ತದೆ. ಮಾವನವರು ಥಟ್ಟನೆ ತಲೆಯೆತ್ತಿ ಹಿಂದೆ ಮುಂದೆ ನೋಡಿದರು. ಆಮೇಲೆ ಮೆಲ್ಲಗೆ ಬಗ್ಗಿ ಲಾಳಿಕೆಗೆ ಕಿವಿ ಹಚ್ಚಿದರು. ಹಾಗೇ ಕೂತರು. ನನ್ನ ಕಡೆ ನೋಡಿ, ‘ಇದರಾಗ ಯಾರೋ ಮಾತಾಡ್ಲಿಕತ್ತಾರ’ ಎಂದರು.

ಕಿವಿಗೆ ಏನೋ ಆಯಿತೇನೋ ಎಂದು ನಾನು ಗಾಬರಿಯಾದೆ. ಅವರು ಮೊಮ್ಮಗಳನ್ನು ಕೈಸನ್ನೆ ಮಾಡಿ ಕರೆದು, ಆಚೆ ಹೋಗಿ ಏನಾದರೂ ಅನ್ನು, ಕೇಳುತ್ತದೋ ನೋಡುತ್ತೇನೆ ಎಂದರು. ಅವಳು ಪುಸ್ತಕ ಹಿಡಿದುಕೊಂಡೇ ಓಡಿದಳು, ಬೆನ್ನಿಗೆ ನಾನು. ಲಾಳಿಕೆ ಅವಳ ಮುಖಕ್ಕಿಂತ ದೊಡ್ಡದಿತ್ತು. ಏನು ಹೇಳಬೇಕೆಂದು ತೋಚದೆ ನನ್ನ ಮುಖ ನೋಡಿದಳು. ನನಗೂ ತೋಚಲಿಲ್ಲ. ಕೊನೆಗೆ ಅವಳು ಕೈಯಲ್ಲಿದ್ದ ಪುಸ್ತಕದ ಮೊದಲ ಹಾಳೆ ತೆಗೆದು, ಬಾಯನ್ನು ಲಾಳಿಕೆಯೊಳಗೆ ಇಟ್ಟು ಓದಿದಳು.

ಆನೆಯೊಂದು ಬಸ್ಸು ಹತ್ತಲು ಬಂದ ಕಥೆ ಅದು. ಕಾಡಿನ ನಡುವಿನ ಊರು, ದಿನಕ್ಕೊಂದೇ ಬಸ್ಸು. ಆನೆಗೆ ಸಂತೆ ನೋಡುವ ಆಸೆ. ಕಂಡಕ್ಟರಿಗೆ ಇದಕ್ಕೆ ಯಾವ ಟಿಕೀಟು ಹರಿಯಬೇಕೆಂದು ತಿಳಿಯದು. ಪಕ್ಕದಲ್ಲಿ ನಿಂತ ನನಗೆ ಮಗಳ ಓದು ಅರ್ಧಂಬರ್ಧ ಕೇಳುತ್ತಿತ್ತು. ಆ ದನಿ ಹೊರಗೆ ಬರುತ್ತಿರಲಿಲ್ಲ, ಪೂರ್ತಿ ಪೈಪಿನೊಳಗೆ ಇಳಿದುಹೋಗುತ್ತಿತ್ತು. ಎರಡು ಹಾಳೆ ಮುಗಿಸಿ ಅವಳು ಕಿವಿ ಇಟ್ಟಳು. ಪೈಪಿನಿಂದ ಮಾವನವರ ದನಿ ಗುಡುಗಿದ ಹಾಗೆ ಬಂತು.

‘ಆನಿ ಹೆಣ್ಣೋ ಗಂಡೋ ಅದನ್ನ ಮೊದಲ ಕೇಳು. ಹೆಣ್ಣಾದರ ಟಿಕೀಟ ಯಾಕ?’

ಮಗಳು ಲಾಳಿಕೆಯಿಂದ ಮುಖ ತೆಗೆದು ನನ್ನನ್ನು ನೋಡಿದಳು. ನಗು ತಡೆಯಲಾಗದೆ ಕೆಳಗೆ ಕೂತಳು. ಎದ್ದು ಮತ್ತೆ ಬಾಯಿ ಇಟ್ಟು, ‘ಅಜ್ಜಾ, ಬುಕ್ಕಿನಾಗ ಬರದಿಲ್ಲ’ ಎಂದಳು. ಬರೆದಿಲ್ಲವಾದರೆ ಮುಂದೆ ಓದು, ಮುಂದೆ ಬರೆದಿರಬೇಕು ಎಂದರು ಅವರು. ಹೀಗೆ ಪುಸ್ತಕ ಮುಗಿಯಿತು. ಆನೆ ಹೆಣ್ಣೋ ಗಂಡೋ ಕೊನೆಗೂ ತಿಳಿಯಲಿಲ್ಲ. ಅವಳು ಇನ್ನೊಂದು ಪುಸ್ತಕ ತಂದಳು. ಅವಳ ಹಿಂದೆ ಸಣ್ಣ ಸಾಲು ನಿಂತಿತ್ತು, ಫೋನು ತಮಗೂ ಬೇಕೆಂದು. ಯಾರೂ ಅವಳ ‘ರ’ ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಂಡಿದ್ದರೂ ಅದು ಸರಿಯಾಗಿಯೇ ಇತ್ತು.

ಆಮೇಲೆ ಭಾನುವಾರವೆಂದರೆ ದಾಂಡೇಲಿ ಎಂದಾಯಿತು. ಮಾವನವರು ನಮಗಿಂತ ಮೊದಲೇ ಟೋಪಿ ಹಾಕಿ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಾನು ರೊಟ್ಟಿ, ಶೇಂಗಾ ಚಟ್ನಿ, ಏನಾದರೂ ಒಂದು ಪಲ್ಯ ಕಟ್ಟಿಕೊಳ್ಳುತ್ತಿದ್ದೆ. ಅಲ್ಲಿ ಅವರಿಬ್ಬರೂ ತಮ್ಮ ತಮ್ಮ ತುದಿ ಹಿಡಿದರೆ ನನಗೆ ಕೆಲಸವಿರುತ್ತಿರಲಿಲ್ಲ. ಬ್ಲೌಜಿಗೆ ಕೈಹೊಲಿಗೆ ಹಾಕುತ್ತ ಜೋಕಾಲಿಯ ಹತ್ತಿರ ಕೂತಿರುತ್ತಿದ್ದೆ.

ಒಂದು ಭಾನುವಾರ ಮಗಳಿಗೆ ಓದಿ ಓದಿ ಗಂಟಲು ಒಣಗಿ, ನೀರು ಕುಡಿದು ಬರುತ್ತೇನೆ, ಅಲ್ಲಿಯವರೆಗೆ ನೀನು ಮಾತಾಡು ಎಂದು ನನ್ನ ಕೈಹಿಡಿದು ಎಳೆದು ಲಾಳಿಕೆಯ ಮುಂದೆ ನಿಲ್ಲಿಸಿ ಹೋಗಿಬಿಟ್ಟಳು. ನಾನು ಸುತ್ತ ನೋಡಿದೆ. ಅಲ್ಲಿ ದೊಡ್ಡವರಾರೂ ಇರಲಿಲ್ಲ. ಆಚೆ ಮಾವನವರು ಬಗ್ಗಿ ಕಾದು ಕೂತಿದ್ದರು. ಅವರಿಗೆ ನಾನು ಕಾಣುತ್ತಿರಲಿಲ್ಲ, ನಡುವೆ ಜೋಕಾಲಿಗಳು, ಮಕ್ಕಳು. ಪೈಪಿನೊಳಗೆ ಮಾತಾಡಲು ದನಿ ಏರಿಸುವುದೂ ಬೇಕಿರಲಿಲ್ಲ. ಏನು ಕೇಳಬೇಕೆಂದು ತಿಳಿಯದೆ, ದಿನಾ ಕಪ್ಪಿನಿಂದಲೇ ಕೇಳುತ್ತಿದ್ದುದನ್ನು ಕೇಳಿದೆ.

‘ಮಾವಾರ, ಚಾ ಕುಡೀತೀರೇನ್ರಿ?’

ಕೇಳಲಿಲ್ಲವೇನೋ ಎಂದುಕೊಂಡೆ. ಆಮೇಲೆ ಅವರ ದನಿ, ಈ ಸಲ ಗುಡುಗದೆ, ಬಂತು. ‘ಯಾರು? ನೀ ಏನವಾ?’

‘ಹೌದ್ರಿ, ನಾನ.’

‘ನಿನ್ನ ದನಿ ಹಿಂಗ ಐತೇನು. ನಾ ಕೇಳೇ ಇದ್ದಿಲ್ಲ ನೋಡು.’

ಮದುವೆಯಾಗಿ ಹತ್ತು ವರ್ಷ ಆಗಿತ್ತು. ಅವರ ತಾಟು, ಅವರ ಧೋತರ, ಅವರ ಮಾತ್ರೆ, ಎಲ್ಲ ನನ್ನ ಕೈಯಿಂದಲೇ. ಆದರೂ ನನ್ನ ದನಿ ಅವರು ಕೇಳಿರಲಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವರು ಮುಂದುವರಿದು, ಒಂದು ಮಾತು ಕೇಳಬೇಕಂತಿದ್ದೆ, ಈಗ ಕೇಳಿಬಿಡುತ್ತೇನೆ ಎಂದರು.

‘ನಿನಗ ನನ್ನ ಮ್ಯಾಲೆ ಸಿಟ್ಟೈತೇನವಾ? ಮಾತಾಡೂದಿಲ್ಲಲ್ಲ ನೀ.’

‘ಇಲ್ರಿ, ಇಲ್ರಿ’ ಎಂದೆ. ‘ನಿಮ್ಮ ಮುಂದ ಜೋರಾಗಿ ಮಾತಾಡಬಾರದಂತ ಸುಮ್ಮ ಇದ್ದೇನ್ರಿ.’

ಅವರು ನಕ್ಕದ್ದು ಪೈಪಿನಲ್ಲೂ ಕೇಳಿತು, ಬಯಲಿನ ಗಾಳಿಯಲ್ಲೂ ಕೇಳಿತು. ‘ಗಿರಣ್ಯಾಗ ದಿನಾ ಕಳದಾವ ನಾ. ನನಗ ಜೋರಂದರ ಏನವಾ? ನೀ ಒದರು. ಮನಿ ತಗಡು ಹಾರಿ ಹೋಗಲಿ.’

ಮಗಳು ನೀರು ಕುಡಿದು ಬಂದು ನನ್ನ ಮುಖ ನೋಡಿ, ಅಜ್ಜ ಬೈದರೇನು ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಚಹಾ ತರಲು ಹೊರಗಿನ ಗಾಡಿಗೆ ಹೋದೆ. ಚಹಾದವನು ಎಷ್ಟು ಕಪ್ಪು ಎಂದು ಎರಡು ಸಲ ಕೇಳಬೇಕಾಯಿತು.

ಮನೆಯಲ್ಲಿ ಅಂದೇ ಎಲ್ಲ ಬದಲಾಗಲಿಲ್ಲ. ಮರುದಿನ ಬೆಳಗ್ಗೆ ಮಾವನವರ ಎದುರು ನಿಂತು ಬಾಯಿ ತೆರೆದರೆ ದನಿ ಮೊದಲಿನಷ್ಟೇ ಬಂತು. ಅವರು ಕಿವಿಯ ಹಿಂದೆ ಅಂಗೈ ಮಡಚಿ ಲಾಳಿಕೆಯಂತೆ ಹಿಡಿದು ಬಗ್ಗಿದರು, ಕಾದರು. ಆ ಕೈ ನೋಡಿ ನನಗೆ ಧೈರ್ಯ ಬಂತು. ‘ಉಪ್ಪಿಟ್ಟ ಮಾಡೇನ್ರಿ’ ಎಂದು ಕೂಗಿದೆ. ‘ಹಾಂ, ಹಾಕ್ಕೊಂಡ ಬಾ’ ಎಂದರು. ಎದುರು ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು. ಸಂಜೆ ಆಕೆ ಬ್ಲೌಜು ಒಯ್ಯಲು ಬಂದವಳು, ಮನೆಯಲ್ಲಿ ಜಗಳವೇನು ಎಂದು ಮೆಲ್ಲಗೆ ವಿಚಾರಿಸಿದಳು. ಉಪ್ಪಿಟ್ಟು ಎಂದೆ. ಆಕೆ ನಂಬಿದಂತೆ ಕಾಣಲಿಲ್ಲ.

ಕೂಗಲು ಕಲಿತ ಮೇಲೆ ಎಷ್ಟೋ ಸಂಗತಿ ತಿಳಿದವು. ನನ್ನ ಪುಂಡಿಪಲ್ಯ ಅವರಿಗೆ ಬಹಳ ಸೇರುತ್ತದಂತೆ, ಮೂಲಂಗಿ ಆಗುವುದಿಲ್ಲವಂತೆ. ಇಷ್ಟು ವರ್ಷ ವಾರಕ್ಕೊಮ್ಮೆ ಮೂಲಂಗಿ ಬಡಿಸಿದ್ದೆ, ಸುಮ್ಮನೆ ತಿಂದಿದ್ದರು. ಅತ್ತೆಯವರು ಹೇಗಿದ್ದರೆಂದು ಕೇಳಿದೆ. ಅವರು ಗಿರಣಿಯ ಸದ್ದಿನೊಳಗೂ ಕೇಳುವಂತೆ ಮಾತಾಡುತ್ತಿದ್ದರಂತೆ, ಡಬ್ಬಿ ತಂದ ಹೆಂಗಸರ ಹೆಸರು, ಅವರ ಮಕ್ಕಳ ಹೆಸರು ಎಲ್ಲ ಅವರ ಬಾಯಲ್ಲಿ ಇರುತ್ತಿತ್ತಂತೆ. ಇದನ್ನು ಹೇಳುವಾಗ ಮಾವನವರು ಮಷೀನು ಇಟ್ಟ ಕೋಣೆಯ ಕಡೆ ನೋಡಿದರು. ನಾನೂ ನೋಡಿದೆ.

ಕಿವಿ ತೋರಿಸೋಣ ಎಂದು ನನ್ನ ಗಂಡ ಎಷ್ಟೋ ಸಲ ಹೇಳಿ ಸೋತಿದ್ದರು. ಈ ವಯಸ್ಸಿಗೆ ಯಾಕೆ ಎನ್ನುತ್ತಿದ್ದರು ಮಾವನವರು. ಈ ಸಲ ಮಗಳು ಕೇಳಿದಳು, ಪೈಪಿನೊಳಗಿಂದಲೇ ಕೇಳಿದಳು. ಮನೆಯಲ್ಲಿ ಪೈಪು ಇಲ್ಲ, ಅಲ್ಲಿ ನಾನು ಓದುವುದು ನಿನಗೆ ಹೇಗೆ ಕೇಳಬೇಕು ಎಂಬುದು ಅವಳ ವಾದ. ಅವರು ಒಪ್ಪಿದರು. ಧಾರವಾಡಕ್ಕೆ ಹೋಗಿ ತೋರಿಸಿ, ಕಿವಿಗೆ ಸಣ್ಣ ಮಷೀನೊಂದನ್ನು ಹಾಕಿಸಿಕೊಂಡು ಬಂದರು. ಅದು ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಕುಕ್ಕರಿನ ಸೀಟಿ, ಮಿಕ್ಸರಿನ ಸದ್ದು, ತಗಡಿನ ಮೇಲೆ ಕಾಗೆ ನಡೆಯುವುದು ಎಲ್ಲವೂ ಒಮ್ಮೆಗೇ ಬಂದು ತಲೆ ಹಿಡಿಯುತ್ತದೆಂದು ಅರ್ಧ ದಿನ ತೆಗೆದು ಅಂಗಿಯ ಕಿಸೆಯಲ್ಲಿಡುತ್ತಾರೆ. ಆದರೆ ನಾನು ಅಡುಗೆಮನೆಯಿಂದ ಕರೆದರೆ ಮೊದಲು ಕಿಸೆಗೆ ಕೈ ಹೋಗುತ್ತದೆ.

ಶಾಲೆಯಲ್ಲಿ ಮಗಳ ದನಿ ದೊಡ್ಡದೇನೂ ಆಗಿಲ್ಲ. ಹಿಂದಿನ ಸಾಲಿನವರಿಗೆ ಇನ್ನೂ ಕೇಳುವುದಿಲ್ಲವಂತೆ, ಮುಂದಿನವರಿಗೆ ಕೇಳುತ್ತದಂತೆ. ಅಕ್ಕೋರಿಗೆ ಅಷ್ಟು ಸಾಕು, ನನಗೂ ಸಾಕು. ಓದುವಾಗ ‘ರ’ ಬಂದಲ್ಲಿ ಅವಳು ಒಂದು ಕ್ಷಣ ನಿಂತು, ಆಮೇಲೆ ಹೇಳುತ್ತಾಳೆಂದು ಅಕ್ಕೋರು ಹೇಳಿದರು. ನಿಲ್ಲಲಿ ಬಿಡಿ ಎಂದೆ.

ತೋಟದಲ್ಲಿ ಮಾವನವರಿಗೆ ಈಗ ಬೇರೆ ಮಕ್ಕಳೂ ಗಂಟುಬಿದ್ದಿದ್ದಾರೆ. ಇಷ್ಟು ಆಸೆಯಿಂದ ಕೇಳುವ ದೊಡ್ಡವರು ಅವರಿಗೆ ಎಲ್ಲಿ ಸಿಗಬೇಕು? ಜೊಯಿಡಾದ ಕಡೆಯಿಂದ ತಿಂಗಳಿಗೊಮ್ಮೆ ಬಾಯಿಯ ಜೊತೆ ಬರುವ ಒಂದು ಪುಟ್ಟ ಹುಡುಗಿ ಪೈಪಿನಲ್ಲಿ ಕೊಂಕಣಿಯಲ್ಲೇ ಉದ್ದಕ್ಕೆ ಏನೋ ಹೇಳಿದಳು. ಮಾವನವರಿಗೆ ಸಂತೆಯ ಕೊಂಕಣಿ ಅಷ್ಟಿಷ್ಟು ಬರುತ್ತದೆ. ನಡುನಡುವೆ ಹಾಂ ಹಾಂ ಎಂದು, ಮುಗಿದ ಮೇಲೆ ನನ್ನನ್ನು ಕರೆದು, ಆ ಹುಡುಗಿಯ ಮನೆಯ ಎಮ್ಮೆ ಕರು ಹಾಕಿದೆಯಂತೆ, ಕರುವಿಗೆ ಒಂದು ಕಾಲು ಬಿಳಿಯಂತೆ ಎಂದು ಬಹಳ ಸಂತೋಷದಿಂದ ಹೇಳಿದರು.

ಕಾರ್ಖಾನೆಯ ಹಂಗಾಮು ಮುಗಿದ ಮೇಲೆ ಮೇ ತಿಂಗಳಲ್ಲಿ ನನ್ನ ಗಂಡನೂ ಬಂದರು. ಮಳೆ ಶುರುವಾಗುವ ಮುನ್ನ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗಳಿಂದ ತೆಗೆದು ಒಳಗಿನ ಕೋಣೆಗೆ ಸಾಗಿಸಬೇಕಿತ್ತು, ಕೈಜೋಡಿಸಿ ಎಂದು ಬಾಯಿ ಎಲ್ಲರಿಗೂ ಹೇಳಿದ್ದರು. ನಾವು ನಾಲ್ವರೂ ಹೋದೆವು. ಸಾಗಿಸುವ ಕೆಲಸ ನಿಧಾನ, ಯಾಕೆಂದರೆ ಪ್ರತಿ ಮಗುವೂ ಎತ್ತಿದ ಪುಸ್ತಕ ತೆರೆದು ನೋಡದೆ ಇಡುತ್ತಿರಲಿಲ್ಲ. ನನ್ನ ಮಗಳು ನಡೆಯುತ್ತಲೇ ಓದುತ್ತ ಒಂದು ಮರಕ್ಕೆ ಡಿಕ್ಕಿ ಹೊಡೆದಳು.

ಕೆಲಸ ಮುಗಿದ ಮೇಲೆ ಅವಳು ಅಪ್ಪನನ್ನು ಹಿಡಿದು ಲಾಳಿಕೆಯ ಮುಂದೆ ನಿಲ್ಲಿಸಿ ಕೈಗೆ ಪುಸ್ತಕ ಕೊಟ್ಟಳು. ಇಷ್ಟು ವರ್ಷ ಮಾತು ದಾಟಿಸಿದವರು ಪೈಪಿನ ಮುಂದೆ ತಡಬಡಿಸಿದರು. ಓದುವ ರೂಢಿ ತಪ್ಪಿತ್ತು. ಆಚೆಯಿಂದ ಮಾವನವರು, ‘ಸಾವಕಾಶ ಓದೋ, ಯಾರೂ ಬೆನ್ನ ಹತ್ತಿಲ್ಲ ನಿನಗ’ ಎಂದರು. ಎಲ್ಲರೂ ನಕ್ಕೆವು. ಗಂಡ ಪುಸ್ತಕ ಮಡಚಿ, ಇನ್ನು ನನ್ನ ಕೆಲಸವೇನು ಉಳಿಯಿತು ಇವರ ನಡುವೆ ಎಂದು ನನ್ನನ್ನು ಕೇಳಿದರು. ಬುತ್ತಿ ಬಿಚ್ಚುವ ಕೆಲಸ ಉಳಿದಿದೆ ಎಂದೆ. ಅವರು ಹೋಗಿ ಮರದ ಕೆಳಗೆ ಬಟ್ಟೆ ಹಾಸಿ ರೊಟ್ಟಿಯ ಗಂಟು ಬಿಚ್ಚಿದರು. ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. ಬಾಯಿಯೂ ಬಂದು ಕೂತರು, ಅವರ ಜೊತೆ ಎಲ್ಲಿಂದಲೋ ನಾಲ್ಕು ಮಕ್ಕಳು. ರೊಟ್ಟಿ ಸಾಲದಾದೀತೆಂದು ನಾನು ಅರ್ಧರ್ಧ ಮುರಿದು ಹಂಚತೊಡಗಿದೆ.